ಚೈನ್ ಬದಿ ಮೇಲೆ

“ಇವನ ಹೆಗಲಿಗೆ ಚೀಲ ಹಾಕೋದಾ? ಇವನು ಸೈಕಲ್ ಹೊಡೆಯೋದಿಲ್ಲ ಕಣ್ರೀ, ಸೈಕಲ್ ಜೊತೆ ಹೊಡೆದಾಡ್ತಾನೆ!”

ಭಾವ ಇದನ್ನು ತಮ್ಮ ಸೈಕಲ್ ಅಂಗಡಿಯೊಳಗೆ ಹೇಳಿದ್ದರೆ ನುಂಗಿಕೊಳ್ಳುತ್ತಿದ್ದೆನೇನೋ. ಹೇಳಿದ್ದು ಕಾಡಿನ ದಾರಿ ಶುರುವಾಗುವ ಗೇಟಿನ ಮುಂದೆ, ಭಾನುವಾರದ ಸೈಕಲ್ ಗುಂಪು ಪೂರ್ತಿ ನೆರೆದಿದ್ದಾಗ. ಬೇಕರಿಯವರು ಹೊಟ್ಟೆ ಹಿಡಿದುಕೊಂಡು ನಕ್ಕರು. ನರ್ಸಮ್ಮ ಹೆಲ್ಮೆಟ್ಟಿನ ಪಟ್ಟಿ ಬಿಗಿಯುವ ನೆಪದಲ್ಲಿ ಆಚೆ ತಿರುಗಿದರು, ಆದರೆ ಭುಜ ಕುಣಿಯುವುದು ಕಾಣುತ್ತಿತ್ತು.

“ನೋಡಿ ನೋಡಿ, ಕುಕ್ಕರ್ ಬಿಸಿಯಾಯ್ತು. ಈಗ ವಿಷಲ್ ಹೊಡೆಯುತ್ತೆ,” ಅಂದರು ಬೇಕರಿಯವರು.

ಕುಕ್ಕರ್ ಅಂದರೆ ನಾನು. ಈ ಗುಂಪಿನಲ್ಲಿ ನನಗಿರುವುದು ಅದೊಂದೇ ಹೆಸರು. ಹೊಡೆದೆ, ವಿಷಲ್ ಹೊಡೆದೆ. “ನಿಮ್ಮ ಬನ್ನಿನ ಥರ ಉಬ್ಬಿಕೊಂಡು ಕೂತ್ಕೊಳ್ಳೋಕೆ ನನಗೆ ಬರಲ್ಲ ಸ್ವಾಮಿ!” ಅಂದೆ. ಅದಕ್ಕೂ ಎಲ್ಲರೂ ನಕ್ಕರು. ನಾನು ಬೈದರೆ ಜನ ನಗುತ್ತಾರೆ, ಅದೇ ನನ್ನ ಕರ್ಮ.

ಅಷ್ಟಕ್ಕೂ ನಾನು ಕೇಳಿದ್ದಾದರೂ ಏನು? “ಭಾವ, ಇವತ್ತು ಚೀಲ ನಾನು ಹೊರ್ತೀನಿ” ಅಂತ. ಅದು ಬೂದು ಬಣ್ಣದ, ಗ್ರೀಸು ಮೆತ್ತಿದ, ಜಿಪ್ಪು ಕಿತ್ತುಹೋದ ಚೀಲ. ಒಳಗೆ ಪಂಪು, ಟ್ಯೂಬು, ಪಾನಾಗಳು, ಚೈನ್ ಬಿಚ್ಚುವ ಉಪಕರಣ, ತಂತಿ, ಟೇಪು. ಆದರೆ ನಮ್ಮ ಗುಂಪಿನಲ್ಲಿ ಆ ಚೀಲ ಯಾರ ಬೆನ್ನ ಮೇಲಿದೆಯೋ ಅವನೇ ಯಜಮಾನ. ಅವನು ಎಲ್ಲರಿಗಿಂತ ಹಿಂದೆ ಬರಬೇಕು. ಯಾರದು ಎಲ್ಲಿ ಕೆಟ್ಟರೂ ಅವನು ಅಲ್ಲಿ ನಿಲ್ಲಬೇಕು, ಆ ಸೈಕಲ್ಲು ಮತ್ತೆ ಉರುಳುವಂತೆ ಮಾಡಿ ಕೆಳಗಿಳಿಸಬೇಕು. ಉಳಿದವರು ಮುಂದೆ ಹೋಗಿ ಗೇಟಿನ ಹತ್ತಿರ ಕಾಯುತ್ತಾರೆ. ಗುಂಪು ಶುರುವಾದಂದಿನಿಂದ ಅದು ಭಾವನ ಬೆನ್ನಿನ ಮೇಲಿದೆ. ನಾನು ಓದು ಬಿಟ್ಟು ಅಕ್ಕನ ಮನೆಗೆ ಬಂದು ಬಿದ್ದಾಗ ಭಾವನೇ ಅದನ್ನು ತೋರಿಸಿ, “ಒಂದು ದಿನ ಇದು ನಿಂದೇ ಕಣೋ” ಅಂದಿದ್ದರು. ಗಿರಾಕಿಗಳಿಗೆ ನಾನು ಇವತ್ತಿಗೂ ‘ಅಂಗಡಿ ಹುಡುಗ’. ಮೀಸೆ ಬಂದಿದೆ, ಕಾಣುವುದಿಲ್ಲವೇ? ಆ ಚೀಲ ಹೊತ್ತರೆ ಕಾಣುತ್ತದೆ ಅಂತ ನನ್ನ ಲೆಕ್ಕ.

ನಾನು ಡಿರೇಲರ್ ಮುರಿದಿದ್ದೇನೆ, ಇಲ್ಲ ಅನ್ನುವುದಿಲ್ಲ. ಹಿಂದಿನ ಗಾಲಿಯ ಪಕ್ಕದಲ್ಲಿ ಜೋತುಬಿದ್ದು, ಚೈನನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ದಾಟಿಸುವ ಸಣ್ಣ ತೋಳು ಅದು. ಗೇರಿನ ಸೈಕಲ್ಲಿನ ಜೀವ ಇರುವುದು ಅದರಲ್ಲೇ, ಆದರೆ ತಯಾರು ಮಾಡಿದವರು ಅದನ್ನು ಕಲ್ಲಿಗೂ ಕೊಂಬೆಗೂ ಸಿಗಲೆಂದೇ ಅಲ್ಲಿ ತೂಗುಹಾಕಿದ್ದಾರೆ. ನನ್ನದು ಒಂದು ಸಲ ಕೊಂಬೆ ಸಿಕ್ಕಿ ಮುರಿಯಿತು. ಇನ್ನೊಂದು ಸಲ ಕೋಪಕ್ಕೆ ಮುರಿಯಿತು. ಏರಿನಲ್ಲಿ ಬೇಕರಿಯವರು ಗಂಟೆ ಬಾರಿಸುತ್ತಾ ನನ್ನನ್ನು ದಾಟಿದರು, ನಾನು ಪೆಡಲಿನ ಮೇಲೆ ನಿಂತುಕೊಂಡೇ ಗೇರು ಒತ್ತಿದೆ, ಅದು ಕಟಕ್ ಅಂತು. ಅವತ್ತಿನಿಂದ ಭಾವನಿಗೆ ಮಾತಿಗೆ ಬರವಿಲ್ಲ.

“ನನಗಿಂತಲೂ ಹಿಂದೆ ಬಾ. ಮುಂದೆ ಬಿಟ್ಟರೆ ಏನಾದ್ರೂ ಮುರೀತೀಯ,” ಅಂದು ಭಾವ ಚೀಲ ಏರಿಸಿಕೊಂಡು ಹೊರಟರು. ನಾನು ಹಲ್ಲು ಕಡಿಯುತ್ತಾ ಹಿಂಬಾಲಿಸಿದೆ.

ಈ ಮನುಷ್ಯನ ಮೇಲೆ ಕೋಪ ಮಾಡಿಕೊಳ್ಳುವುದು ಎಷ್ಟು ಕಷ್ಟ ಅಂತ ಹೇಳಿಬಿಡುತ್ತೇನೆ. ಅಂಗಡಿಗೆ ಸೇರಿದ ಹೊಸತರಲ್ಲಿ ನಾನು ದಿನಕ್ಕೊಂದು ಜಗಳ ತೆಗೆಯುತ್ತಿದ್ದೆ. ಭಾವ ಒಳಕೋಣೆಯಲ್ಲಿ ಒಂದು ಸೊಟ್ಟಗಾಲಿ ತೂಗುಹಾಕಿದರು. “ಸಿಟ್ಟು ಬಂದಾಗ ಬಾಯಿ ಬಿಡಬೇಡ. ಹೋಗಿ ಇದರ ಸೊಟ್ಟ ತೆಗಿ,” ಅಂದರು. ಒಂದೊಂದೇ ಕಡ್ಡಿ ಬಿಗಿದು, ಸಡಿಲಿಸಿ, ಗಾಲಿ ಓಲಾಡದೆ ತಿರುಗುವ ಹೊತ್ತಿಗೆ ಸಿಟ್ಟು ಎಲ್ಲೋ ಹೋಗಿರುತ್ತಿತ್ತು. ವಿಚಿತ್ರ ಅಂದರೆ ಆ ಗಾಲಿ ಮತ್ತೆ ಮತ್ತೆ ಸೊಟ್ಟಗಾಗುತ್ತಿತ್ತು. ಹಾಳು ಗಾಲಿ, ಕಬ್ಬಿಣವೇ ಸರಿಯಿಲ್ಲ ಅಂದುಕೊಂಡಿದ್ದೆ. ಒಂದು ಮಧ್ಯಾಹ್ನ ಊಟ ಬೇಗ ಮುಗಿಸಿ ಬಂದಾಗ ನೋಡುತ್ತೇನೆ, ಭಾವ ಕುರ್ಚಿ ಹಾಕಿಕೊಂಡು, ಹಾಡು ಗುನುಗುತ್ತಾ, ನಾನು ಬಿಗಿದ ಕಡ್ಡಿಗಳನ್ನೆಲ್ಲ ಸಡಿಲಿಸುತ್ತಿದ್ದಾರೆ. ಮುಂದಿನ ಸಿಟ್ಟಿಗೆ ಕೆಲಸ ಬೇಕಲ್ಲ! ನಾನು ಸದ್ದು ಮಾಡದೆ ಹಿಂದಕ್ಕೆ ಬಂದೆ. ಇವತ್ತಿಗೂ ಆ ವಿಷಯ ಎತ್ತಿಲ್ಲ.

ಕಾಡು ಸುತ್ತಿ ಅದೇ ಗೇಟಿಗೆ ಮರಳುವ ಈ ದಾರಿಯ ಅರ್ಧದಲ್ಲಿ ಒಂದು ಹಾಸುಬಂಡೆಯಿದೆ. ಎಲ್ಲರೂ ಅಲ್ಲಿ ನೀರು ಕುಡಿಯಲು ನಿಲ್ಲುತ್ತಾರೆ.

“ಚೈನ್ ಬದಿ ಮೇಲೆ!” ಭಾವ ಕೂಗಿದರು. ಪ್ರತಿ ಸಲವೂ ಕೂಗುತ್ತಾರೆ. ಸೈಕಲ್ಲನ್ನು ಎಡಮಗ್ಗುಲಿಗೆ ಮಲಗಿಸಿ, ಚೈನೂ ಡಿರೇಲರೂ ಆಕಾಶ ನೋಡಬೇಕು ಅಂತ ಅರ್ಥ. ಬಲಮಗ್ಗುಲಿಗೆ ಮಲಗಿಸಿದರೆ ಡಿರೇಲರ್ ಕಲ್ಲಿಗೆ ಒತ್ತಿ ಒಳಕ್ಕೆ ಬಾಗುತ್ತದೆ. ಬಾಗಿದ್ದು ಗೊತ್ತಾಗುವುದು ಆಮೇಲೆ, ಏರಿನಲ್ಲಿ, ಚೈನನ್ನು ದೊಡ್ಡ ಚಕ್ರಕ್ಕೆ ಏರಿಸಿದಾಗ. ಆಗ ಅದು ತಿರುಗುವ ಕಡ್ಡಿಗಳ ಮಧ್ಯಕ್ಕೆ ಹೋಗಿ ಕೂರುತ್ತದೆ.

ಎಲ್ಲರ ಸೈಕಲ್ಲುಗಳೂ ಹೇಳಿದಂತೆ ಮಲಗಿದವು. ಒಂದನ್ನು ಬಿಟ್ಟು. ಭಾವನ ಸೈಕಲ್ಲು ಬಂಡೆಯ ಅಂಚಿಗೆ, ಚೈನ್ ಬದಿ ಕೆಳಗಾಗಿ ಬಿದ್ದಿತ್ತು. ಮಲಗಿಸಿದ್ದಲ್ಲ, ಕೈಬಿಟ್ಟಿದ್ದು. ಅದು ಕಲ್ಲಿಗೆ ಬಡಿದ ಸದ್ದು ಹಿಂದಿದ್ದ ನನಗೆ ಮಾತ್ರ ಕೇಳಿಸಿತ್ತು.

ನನಗೆ ಹಾಲು ಕುಡಿದಷ್ಟು ಖುಷಿಯಾಯಿತು. ಅಯ್ಯಾ ಯಜಮಾನರೇ, ಸಿಕ್ಕಿಬಿದ್ದಿರಿ! ಆಗಲೇ ಹೇಳಬಹುದಿತ್ತು. ಹೇಳಲಿಲ್ಲ. ಗೇಟಿನ ಹತ್ತಿರ, ಎಲ್ಲರೂ ಸೇರಿದಾಗ, ಬೇಕರಿಯವರ ಎದುರಿಗೇ ಹೇಳಬೇಕು ಅಂತ ಆ ಮಾತನ್ನು ಬಾಯಲ್ಲಿ ಮಿಠಾಯಿಯ ಹಾಗೆ ಇಟ್ಟುಕೊಂಡೆ.

ಗುಂಪು ಮುಂದೆ ಹೋಯಿತು. ಬಂಡೆ ದಾಟಿದರೆ ಬೇರುಗಳು ಹೆಣೆದುಕೊಂಡ ಕಡಿದಾದ ಏರು. ಭಾವ ಗೇರು ಇಳಿಸುತ್ತಾ ಹೋದರು, ಕೊನೆಗೆ ಎಲ್ಲಕ್ಕಿಂತ ಹಗುರವಾದ ದೊಡ್ಡ ಚಕ್ರಕ್ಕೆ ಹಾಕಿದರು. ಕರ್ ಅಂತ ಒಂದು ಸದ್ದು, ಅದರ ಬೆನ್ನಿಗೇ ಚಟಾರ್. ಹಿಂದಿನ ಗಾಲಿ ಹಿಡಿದಿಟ್ಟ ಹಾಗೆ ನಿಂತಿತು. ಭಾವ ಪಕ್ಕದ ಮರ ತಬ್ಬಿಕೊಂಡು ಬೀಳುವುದು ತಪ್ಪಿಸಿಕೊಂಡರು.

ಡಿರೇಲರ್ ಕಡ್ಡಿಗಳಿಗೆ ಸಿಕ್ಕಿ, ಬಟ್ಟೆ ಹಿಂಡಿದ ಹಾಗೆ ತಿರುಚಿಕೊಂಡು, ಚೈನಿನಿಂದ ನೇತಾಡುತ್ತಿತ್ತು.

“ಏನಾಗಿದೆ ನೋಡು,” ಅಂದರು ಭಾವ.

ನಾನು ನಗುವುದಕ್ಕೆ ಬಾಯಿ ತೆರೆದವನು ಹಾಗೇ ನಿಂತೆ. ನೋಡು ಅಂದರು. ತಾವು ನೋಡಲಿಲ್ಲ. ಜೀವಮಾನವಿಡೀ ಯಾವ ಸೈಕಲ್ಲು ಕೀಚ್ ಅಂದರೂ ತಕ್ಷಣ ಮಂಡಿಯೂರಿ ಕೂರುವ ಮನುಷ್ಯ, ತನ್ನದೇ ಸೈಕಲ್ಲು ಮುರಿದಾಗ ಮರ ಹಿಡಿದುಕೊಂಡು ನಿಂತೇ ಇದ್ದರು. ಬಲಗಾಲು ಸ್ವಲ್ಪ ಎತ್ತಿಕೊಂಡಿದ್ದರು.

ಸೈಕಲ್ಲನ್ನು ಎಡಕ್ಕೆ ಮಲಗಿಸಬೇಕಾದರೆ ಮಂಡಿ ಬಗ್ಗಿಸಿ, ತನ್ನ ಕಡೆಗೆ, ಮಗುವನ್ನು ಇಳಿಸಿದ ಹಾಗೆ ಇಳಿಸಿಕೊಳ್ಳಬೇಕು. ಬಗ್ಗಲಾಗದವನು ಆಚೆಗೆ ಕೈಬಿಡುತ್ತಾನೆ. ಈಚೆಗೆ ಮನೆಯ ಮೆಟ್ಟಿಲನ್ನು ಏಡಿಯ ಹಾಗೆ ಅಡ್ಡಡ್ಡ ಇಳಿಯುತ್ತಿದ್ದದ್ದು ನೆನಪಾಯಿತು. “ಮೆಟ್ಟಿಲು ಕಿರಿದು ಕಣೆ” ಅಂತ ಅಕ್ಕನಿಗೆ ಹೇಳುತ್ತಿದ್ದರು. ಮೆಟ್ಟಿಲು ಮೊದಲಿನಿಂದಲೂ ಅಷ್ಟೇ ಇದೆ.

“ಮಂಡಿ ಎಷ್ಟು ದಿನದಿಂದ ಹೀಗಿದೆ ಭಾವ?”

“ಯಾವ ಮಂಡಿ?”

“ಇರೋದು ಎರಡೇ ಅಲ್ವಾ!” ಅಂತ ಕಿರುಚಿದೆ. ಮರದ ಮೇಲಿನ ಹಕ್ಕಿಗಳು ಎದ್ದು ಹಾರಿದವು.

“ಮೆಲ್ಲಗೆ ಕಣೋ. ನಿಮ್ಮಕ್ಕನಿಗೆ ಕೇಳಿಸುತ್ತೆ.”

“ಅಕ್ಕ ಮನೇಲಿದ್ದಾಳೆ!”

“ನಿನ್ನ ಗಂಟಲಿಗೆ ಅದು ದೂರ ಅಲ್ಲ.”

ನಾನು ಚೀಲ ಕಿತ್ತುಕೊಂಡೆ. ಕಿತ್ತುಕೊಂಡೆ ಅಂದರೆ, ಅವರ ಹೆಗಲಿಂದ ಜಾರಿಸಿ ತೆಗೆದೆ, ನೋವಾಗದ ಹಾಗೆ. ಮಣ್ಣಿನಲ್ಲಿ ಕೂತು ಕೆಲಸಕ್ಕೆ ಹತ್ತಿದೆ. ಚೈನ್ ಬಿಚ್ಚಿ, ತಿರುಚಿದ ಡಿರೇಲರನ್ನು ಬಿಡಿಸಿ ಚೀಲಕ್ಕೆ ಹಾಕಿದೆ. ಬಾಗಿದ ಕಡ್ಡಿಗಳನ್ನು ಕೈಯಲ್ಲೇ ಎಳೆದು ನೆಟ್ಟಗೆ ಮಾಡಿದೆ, ಮುರಿದ ಒಂದನ್ನು ಪಕ್ಕದ್ದಕ್ಕೆ ಸುತ್ತಿದೆ. ಡಿರೇಲರ್ ಇಲ್ಲದ ಮೇಲೆ ಗೇರಿಲ್ಲ. ಮುಂದಿನ ಚಕ್ರದಿಂದ ಹಿಂದಿನ ಒಂದು ನಡುಚಕ್ರಕ್ಕೆ ಚೈನನ್ನು ನೇರವಾಗಿ ಹಾಕಿ, ಉಳಿದ ಕೊಂಡಿಗಳನ್ನು ತೆಗೆದರೆ ಹಳೇ ಕಾಲದ ಸೈಕಲ್ಲಿನ ಹಾಗೆ ಒಂದೇ ಲೆಕ್ಕದಲ್ಲಿ ಉರುಳುತ್ತದೆ.

“ಇನ್ನೊಂದು ಕೊಂಡಿ ಹಾಗೇ ಬಿಡು. ಬಿಗಿಯಾಯ್ತು ಅಂದ್ರೆ ತುಂಡಾಗುತ್ತೆ,” ಅಂದರು ಮೇಲಿಂದ.

“ಬಿಟ್ಟರೆ ಸಡಿಲ ಆಗಿ ಹಾರುತ್ತೆ.”

“ಹಾರಲಿ. ಹಾರಿದ್ದನ್ನ ಹಾಕಬಹುದು. ಕತ್ತರಿಸಿದ್ದನ್ನ ಏನು, ಅಂಟು ಹಾಕಿ ಅಂಟಿಸ್ತೀಯಾ?”

ಬಿಟ್ಟೆ. ಸರಿಯಾಗಿ ಕೂತಿತು. ಅದಕ್ಕೂ ಸಿಟ್ಟು ಬಂತು.

“ಬೆಳಿಗ್ಗೆ ಎಲ್ಲರ ಮುಂದೆ ನನ್ನ ಮಾನ ಹರಾಜು ಹಾಕಿದ್ರಲ್ಲ,” ಅಂದೆ, ತಲೆ ಎತ್ತದೆ. “ನನ್ನ ಕೈಯಲ್ಲಿ ಆಗಲ್ಲ ಅಂತ ತಾನೇ?”

ಭಾವ ಮರದ ತೊಗಟೆಯ ಒಂದು ಚಕ್ಕೆ ಕಿತ್ತು ಎಸೆದರು.

“ನಿನ್ನ ಕೈಯಲ್ಲಿ ಆಗುತ್ತೆ ಅಂತಾನೇ ಕಣೋ. ಚೀಲ ಕೊಟ್ಟುಬಿಟ್ಟರೆ ಮುಂದಿನ ವಾರ ನಾನು ಯಾಕೆ ಬರಬೇಕು? ಹೇಳು. ಚೀಲ ಹೊರೋರು ಬೇಕಲ್ಲ ಅಂತ ನಿಮ್ಮಕ್ಕನ ಹತ್ರ ನೆಪ ಹೇಳ್ಕೊಂಡು ಬರ್ತಿದ್ದೀನಿ. ಇನ್ನೊಂದು ಸಲ ಮಂಡಿ ಅಂದ್ರೆ ಸೈಕಲ್ ಅಟ್ಟಕ್ಕೆ ಅಂದಿದ್ದಾಳೆ. ಅವಳು ಅಂದ್ರೆ ಮುಗೀತು. ಸೈಕಲ್ಲೂ ಅಟ್ಟಕ್ಕೆ, ನಾನೂ ಅಟ್ಟಕ್ಕೆ.”

ಗ್ರೀಸು ಕೈಯನ್ನು ಎಲೆಗೆ ಒರೆಸಿದೆ, ಒರೆಸಿದೆ, ಒರೆಸುತ್ತಲೇ ಇದ್ದೆ.

ಭಾವ ತಮ್ಮ ಸೈಕಲ್ ಹತ್ತಿ ಪೆಡಲ್ ಒತ್ತಿದರು. ಒಂದೇ ಗೇರು, ಅದೂ ಭಾರದ್ದು. ಅರ್ಧ ಸುತ್ತಿಗೇ ಮುಖ ಹಿಂಡಿಕೊಂಡಿತು. ನಡೆಸಿಕೊಂಡು ಹೋಗೋಣವೆಂದರೆ ಮುಂದೆ ಇನ್ನೂ ಏರಿದೆ, ಅದು ಮುಗಿದ ಮೇಲೆ ಇಳಿಜಾರು, ಎರಡೂ ಆ ಮಂಡಿಗೆ ಕೂಡದು.

ನನ್ನ ಸೈಕಲ್ಲಿನ ಸೀಟು ಇಳಿಸಿದೆ. “ಇದನ್ನ ಹತ್ತಿ. ಗೇರು ಎಲ್ಲ ಇದೆ. ಹಗುರವಾದ್ದರಲ್ಲೇ ಬನ್ನಿ.”

“ನೀನು?”

“ನಾನು ಹೊಡೆದಾಡಿಕೊಂಡು ಬರ್ತೀನಿ.”

ಮಾತು ಚುಚ್ಚಿತು ಅಂತ ಅವರ ಕಿವಿ ನೋಡಿದರೆ ಗೊತ್ತಾಗುತ್ತಿತ್ತು. ಕೆಂಪಗಾಗಿತ್ತು. ನನ್ನ ಸೈಕಲ್ ಹತ್ತಿದರು. ಚೀಲ ಕೇಳಲಿಲ್ಲ. ಇಳಿಜಾರಿನಲ್ಲಿ ಅದರ ಭಾರ ಮಂಡಿಗೆ ಬೇಡವೆಂದು ನಾನೂ ಕೊಡಲಿಲ್ಲ.

ಆ ಒಂಟಿ ಗೇರಿನಲ್ಲಿ ನಾನು ಏರಿದ್ದು ನನಗೇ ಗೊತ್ತು. ಬೇರು ಬಂದಲ್ಲೆಲ್ಲ ಎದ್ದು ನಿಂತೆ, ಸಡಿಲ ಚೈನು ಹಾರಿದಾಗೆಲ್ಲ ಇಳಿದು ಹಾಕಿದೆ. ಭಾವ ಮುಂದೆ ಮುಂದೆ, ಸಣ್ಣ ಮಕ್ಕಳ ಹಾಗೆ ಚಕಚಕ ಪೆಡಲ್ ತಿರುಗಿಸುತ್ತಾ ಹೋಗುತ್ತಿದ್ದರು. ಪ್ರತಿ ತಿರುವಿನಲ್ಲೂ ನಿಂತು ನನಗೆ ಕಾದರು. ಚೀಲ ಹೊತ್ತು ಕೊನೆಯಲ್ಲಿ ಬರುವವನು ನಾನು, ಕಾಯುವವರು ಅವರು.

ಗೇಟಿನ ಹತ್ತಿರ ಎಲ್ಲರೂ ನೆರಳಿನಲ್ಲಿ ಕೂತಿದ್ದರು. ಮೊದಲು ಭಾವ ಇಳಿದರು, ಹಿಂದೆ ಮಣ್ಣು ಗ್ರೀಸು ಮೆತ್ತಿಕೊಂಡು ಡಿರೇಲರ್ ಇಲ್ಲದ ಸೈಕಲ್ಲಿನ ಮೇಲೆ ನಾನು. ಬೇಕರಿಯವರು ಎದ್ದೇ ನಿಂತರು.

“ಬಂತು! ಮತ್ತೆ ಮುರಿದ್ಯಲ್ಲೋ ಕುಕ್ಕರ್! ಅದೂ ಭಾವನ ಸೈಕಲ್ಲು!”

ಗುಂಪಿನ ನಗು ಕಾಡಿಗೆ ಹೋಗಿ ಬಡಿದು ವಾಪಸು ಬಂತು.

“ಅವನಲ್ಲ ರೀ,” ಅಂದರು ಭಾವ. “ಮುರಿದಿದ್ದು ನಾನು.”

ನಗು ಇನ್ನೂ ಜೋರಾಯಿತು. “ನೋಡಿದ್ರಾ, ಭಾಮೈದನ್ನ ಹೇಗೆ ಉಳಿಸ್ತಾರೆ!” ಅಂದರು ನರ್ಸಮ್ಮ. “ಪಾಪ, ಎಂಥ ಭಾವ ಸಿಕ್ಕಿದ್ದಾರೆ ನಿಂಗೆ.”

“ದೇವರಾಣೆ, ನಾನೇ! ಚೈನ್ ಬದಿ ಕೆಳಗೆ ಬಿಟ್ಟೆ.”

“ನೀವಾ? ಚೈನ್ ಬದಿ ಕೆಳಗಾ?” ಬೇಕರಿಯವರಿಗೆ ಕಣ್ಣಲ್ಲಿ ನೀರು ಬಂತು. “ಸುಳ್ಳು ಹೇಳೋದಾದ್ರೆ ನಂಬೋ ಥರ ಹೇಳಿ ಸ್ವಾಮಿ! ನೀವು ಯಾಕೆ ಹಾಗೆ ಬಿಡ್ತೀರಿ?”

ಭಾವ ಬಾಯಿ ತೆರೆದರು. ಆ ‘ಯಾಕೆ’ಗೆ ಉತ್ತರ ಒಂದೇ ಇತ್ತು. ಅದನ್ನು ಇಲ್ಲಿ ಹೇಳಿದರೆ ನರ್ಸಮ್ಮನ ಬಾಯಿಂದ ಸಂಜೆಯೊಳಗೆ ಅಕ್ಕನ ಕಿವಿಗೆ ಹೋಗುತ್ತದೆ, ಸೈಕಲ್ಲು ಅಟ್ಟಕ್ಕೆ ಹೋಗುತ್ತದೆ. ಹೇಳದಿದ್ದರೆ ಈ ಡಿರೇಲರೂ ನನ್ನ ಲೆಕ್ಕಕ್ಕೇ ಬರುತ್ತದೆ, ಚೀಲದ ಆಸೆ ಮಣ್ಣುಪಾಲು. ಅವರು ನನ್ನ ಕಡೆ ತಿರುಗಿದರು. ಹೇಳಿಯೇ ಬಿಡುತ್ತಾರೆ ಅಂತ ಅವರ ಮುಖ ನೋಡಿದರೆ ಗೊತ್ತಾಗುತ್ತಿತ್ತು. ಒಂಟಿಯಾಗಿ ಹೇಳಲು ಧೈರ್ಯ ಸಾಲದೆ ಜೊತೆ ಕೇಳುತ್ತಿದ್ದರು.

“ಹೇಳೋ, ನೀನಾದ್ರೂ ಹೇಳೋ ಇವರಿಗೆ! ಮುರಿದಿದ್ದು ಯಾರು?”

ಎಲ್ಲರೂ ನನ್ನನ್ನೇ ನೋಡಿದರು. ಬೇಕರಿಯವರು ವಿಷಲ್ ಕೇಳಲು ಕಿವಿಗೆ ಕೈ ಹಿಡಿದಿದ್ದರು. ಹಾಸುಬಂಡೆಯಿಂದ ಬಾಯಲ್ಲಿಟ್ಟುಕೊಂಡು ಬಂದ ಮಿಠಾಯಿ ಇನ್ನೂ ಅಲ್ಲೇ ಇತ್ತು.

ನಾನು ಸೈಕಲ್ಲಿನಿಂದ ಇಳಿದೆ. ಮಂಡಿ ಬಗ್ಗಿಸಿ, ಅದನ್ನು ನನ್ನ ಕಡೆಗೆ ಮೆಲ್ಲಗೆ ಇಳಿಸಿಕೊಂಡು, ಚೈನ್ ಬದಿ ಮೇಲೆ ಮಾಡಿ ಭಾವನ ಪಾದದ ಹತ್ತಿರ ಮಲಗಿಸಿದೆ. ಚೀಲವನ್ನು ಹೆಗಲಿನಿಂದ ತೆಗೆದು ಅವರ ಕೈಗೆ ಕೊಟ್ಟೆ. ಮುಂದಿನ ಭಾನುವಾರಕ್ಕೆ ನೆಪ ಬೇಕಲ್ಲ! ಆಮೇಲೆ ನೀರಿನ ನಲ್ಲಿ ಇರುವ ಕಡೆಗೆ, ಕೈ ತೊಳೆಯುವುದಕ್ಕೆ, ನಡೆದುಬಿಟ್ಟೆ.

“ಏನಾಯ್ತೋ ಕುಕ್ಕರ್? ವಿಷಲ್ಲೇ ಇಲ್ಲ?” ಅಂತ ಯಾರೋ ಹಿಂದಿನಿಂದ ಕೂಗಿದರು. ನಾನು ತಿರುಗಲಿಲ್ಲ.