ಬಾನೆಟ್ಟಿನ ಮೇಲಿನ ಭಾರ

"ಹತ್ತ್ರೇ ಮೇಲೆ, ಮೂದೇವಿಗಳಾ! ಆರತಿ ಎತ್ತಿ ಕರೀಬೇಕಾ ನಿಮ್ಮನ್ನ?"

ಜೀಪಿನ ಮುಂದಿನ ಸೀಟಿನಿಂದಲೇ ಧನಶೇಖರ್ ಕಿರುಚಿದ. ಬೆಟ್ಟಕ್ಕೆ ಟ್ರೆಕ್ಕಿಂಗ್ ಬರುವವರಿಗೆ ಟೆಂಟ್ ಹಾಕಿಕೊಡುವ ಓನರ್ ಅವನು. ಉಳಿದ ಮಾತು ಹೆಚ್ಚಾಗಿ ತಮಿಳು. ಬೈಗುಳ ಮಾತ್ರ, ಚೆನ್ನಾಗಿ ನಾಟಲಿ ಅಂತ, ನಮ್ಮ ಕನ್ನಡದಲ್ಲಿ. ಅಷ್ಟಾದರೂ ಮರ್ಯಾದೆ ಕೊಟ್ಟನಲ್ಲ ಪುಣ್ಯಾತ್ಮ.

ತಮಿಳುನಾಡಿನ ಕೊಳತ್ತೂರು ದಾಟಿ ಬೆಟ್ಟ ಹತ್ತಿದರೆ ಅದು ರಸ್ತೆಯಲ್ಲ, ಮಳೆ ಕೊರೆದ ಹಳ್ಳ. ತಿರುವುಗಳಲ್ಲಿ ಹಿಂದೆ ತುಂಬಿದ ಟೆಂಟು, ತಿಂಡಿ ಪಾತ್ರೆಗಳ ಭಾರಕ್ಕೆ ಜೀಪಿನ ಮುಂದಿನ ಚಕ್ರ ಎದ್ದುಬಿಡುತ್ತದೆ. ಅದನ್ನು ಅದುಮಿ ಹಿಡಿಯೋಕೆ ಬಾನೆಟ್ ಮೇಲೆ ನಾವು, ಅವನ ಕೂಲಿ ಹೆಂಗಸರು: ನಾನು ಚಿನ್ನಕ್ಕ, ಭಾಗ್ಯಲಕ್ಷ್ಮಿ, ಏಳು ತಿಂಗಳ ಬಸುರಿ ಕಲೈವಾಣಿ. ಒಳಗೆ ಕೂತರೆ ಸೀಟು ಮೈಲಿಗೆ. ಹಾಗನ್ನಲ್ಲ ಅವನು, ಓದಿದವನು. "ಕವರ್ ಹೊಸದು" ಅಂತಾನೆ.

ಐದನೇ ತಿರುವಿನಲ್ಲಿ ಜೀಪು ಗುಂಡಿಗಿಳಿದು ಎಗರಿತು. ಕಲೈವಾಣಿ ಜಾರಿದಳು. ಅವಳ ಸೀರೆ ನನ್ನ ಕೈಗೆ ಸಿಗದಿದ್ದರೆ ಚಕ್ರದ ಕೆಳಗೇ ಹೋಗುತ್ತಿದ್ದಳು.

"ಅಕ್ಕಾ, ಒಟ್ಟೆ ನೋಯ್ತೈತೆ," ಅಂದಳು.

"ನಾಟಕ ಆಡಬ್ಯಾಡ, ಸರಿಯಾಗಿ ಕೂತ್ಕೊ," ಅಂದ ಧನಶೇಖರ್.

ನನಗೆ ಮೈಯೆಲ್ಲ ಉರಿದುಹೋಯಿತು. ಇಳಿದೆ, ಅವಳನ್ನೂ ಇಳಿಸಿದೆ. ಭಾಗ್ಯಲಕ್ಷ್ಮಿ ಕೇಳದೆಯೇ ಇಳಿದು ಬಂಡೆ ಮೇಲೆ ಕೂತು ಎಲೆಅಡಿಕೆ ಬಿಚ್ಚಿದಳು.

"ಕಲೈವಾಣಿ ಸೀಟ್ನಾಗೆ ಕೂತ್ಕಂತಾಳೆ ಸಾರ್. ಆಮ್ಯಾಲೆ ನಾವು ಏರ್ತೀವಿ."

"ಏನೇ ಅಂದೆ, ನಾಯಿಮುಂಡೆ? ಮಾದೇವಾ, ವಂಡಿಯ ಎಡುಡಾ!"

ಡ್ರೈವರ್ ಮಹದೇವ ನಮ್ಮೂರವನೇ. ಗಾಡಿ ಎತ್ತು ಅಂದಿದ್ದೇ ತಡ, ಎತ್ತಿಬಿಟ್ಟ. ಮುಂದಿನ ಚಕ್ರ ಮೊಳದುದ್ದ ಎದ್ದಿತು. ಹಿಂದೆ ಕಮರಿ. "ಅಯ್ಯೋ ಮುರುಗಾ!" ಅಂತ ಧನಶೇಖರ್ ಡ್ಯಾಶ್‌ಬೋರ್ಡನ್ನೇ ತಬ್ಬಿಕೊಂಡ. ಮಹದೇವ ಬ್ರೇಕ್ ಒತ್ತಿ ನಿಲ್ಲಿಸಿದ.

ಮೇಲೆ, ಕಾಲುದಾರಿ ಶುರುವಾಗುವಲ್ಲಿ, ಹತ್ತು ಜನ ಟ್ರೆಕ್ಕಿಂಗಿನವರು ಬೆಳಗಿನಿಂದ ತಿಂಡಿಗೆ ಕಾಯುತ್ತಿದ್ದರು. ಅವನ ಫೋನು ಬಡಕೊಳ್ಳುತ್ತಲೇ ಇತ್ತು.

"ಅವಳು ಇಲ್ಲಿ ಕೂತ್ರೆ ನಾನೆಲ್ಲಿ ಕೂರ್ಲಿ?"

"ಬನ್ನಿ ಸಾರ್, ಬಾನೆಟ್ನಾಗೆ ಜಾಗ ಐತೆ," ಅಂದಳು ಭಾಗ್ಯಲಕ್ಷ್ಮಿ.

ಮಹದೇವ ಭಾರಿ ಲೆಕ್ಕ ಹಾಕಿದವನ ಹಾಗೆ ಮುಖ ಮಾಡಿದ. "ನಿಮ್ಮ ವೆಯಿಟ್ಟಿಗೆ ಚಕ್ರ ಏಳಾಕೇ ಇಲ್ಲ ಸಾರ್. ಗ್ಯಾರಂಟಿ."

ಬಂದ. ಬಿಳಿ ಪ್ಯಾಂಟಿನಲ್ಲಿ, ನಮ್ಮಿಬ್ಬರ ನಡುವೆ. ಕಾದ ತಗಡಿನ ಮೇಲೆ ಕೂತು ಗುಂಡಿಗೊಂದು "ಅಮ್ಮಾ" ಅಂದ.

"ನಾಟಕ ಆಡಬ್ಯಾಡಿ ಸಾರ್," ಅಂದೆ. "ಸರಿಯಾಗಿ ಕೂತ್ಕಳಿ." ದೇವರಾಣೆ, ನನಗೆ ಹಬ್ಬದೂಟ ಉಂಡಷ್ಟು ಖುಷಿಯಾಯಿತು.

ಮೇಲೆ ತಲುಪಿದಾಗ ಕಾಯುತ್ತಿದ್ದವರೆಲ್ಲ ಮೊಬೈಲ್ ಎತ್ತಿ ಫೋಟೋ ಹೊಡೆದರು. ಧನಶೇಖರ್ ಕೆಳಗೆ ಹಾರಿ ಜೀಪಿನ ಬಾಗಿಲು ತೆರೆದ.

"ಇಳಿಯೇ! ನಾಳೆಯಿಂದ ಒಬ್ಬಳೂ ಕೆಲಸಕ್ಕೆ ಬರಬ್ಯಾಡಿ!"

ಕಲೈವಾಣಿ ಇಳಿಯಲಿಲ್ಲ. ಕಾಲು ಮಡಚಿಕೊಂಡು ಸೀಟಿನಲ್ಲಿ ಇನ್ನಷ್ಟು ಒರಗಿದಳು.

"ನಾಳೆ ಬರಾಕಿಲ್ಲ ಬಿಡಿ. ಇವತ್ತು ಆಸ್ಪತ್ರೆಗಂಟ ಇಲ್ಲೇ ಕೂತು ಓಯ್ತೀನಿ. ಮಾದೇವಣ್ಣ, ತಿರುಗ್ಸು."

ಮಹದೇವ ತಿರುಗಿಸಿದ. ನಾವಿಬ್ಬರೂ ಹಿಂದೆ ಹತ್ತಿ ಟೆಂಟುಗಳ ಮೇಲೆ ಕೂತೆವು. ತಿಂಡಿಯ ಪಾತ್ರೆಗಳನ್ನು ಯಾರೂ ಇಳಿಸಿರಲಿಲ್ಲ.

ಧನಶೇಖರ್ ಎರಡೂ ಕೈ ಚಾಚಿ ದಾರಿಗೆ ಅಡ್ಡ ನಿಂತ. ಮಹದೇವ ಹಾರನ್ ಒತ್ತಿ ಹಿಡಿದ. ಕಾಲು ಮಾತ್ರ ಬ್ರೇಕಿಗೆ ಹೋಗಲಿಲ್ಲ.