ಗುರುದೇವಿಯ ಕಥೆಯ ಕೊನೆ

ಮಿಯಾಪುರದ ಅಪಾರ್ಟ್‌ಮೆಂಟೊಂದರ ಕ್ಲಬ್‌ಹೌಸಿನಲ್ಲಿ ನಲಿನಿ ಭಾನುವಾರದ ಬೆಳಿಗ್ಗೆ ಮಕ್ಕಳಿಗೆ ಕನ್ನಡ ಕಲಿಸುತ್ತಿದ್ದಳು. ಅವಳ ಅಜ್ಜನ ಕಾಲಕ್ಕೇ ಕಲಬುರಗಿ ಬಿಟ್ಟು ಹೈದರಾಬಾದಿಗೆ ಬಂದ ಮನೆತನ. ಸರ್ಕಾರಿ ಕಚೇರಿಯಲ್ಲಿ ತೆಲುಗಿನ ಫೈಲುಗಳ ನಡುವೆ ವಯಸ್ಸು ಕಳೆದು ನಿವೃತ್ತಳಾದವಳಿಗೆ ಈ ತರಗತಿಯೆಂದರೆ ಜೀವ. ಬರುವ ಮಕ್ಕಳಲ್ಲಿ ಅರ್ಧ ಅದೇ ಅಪಾರ್ಟ್‌ಮೆಂಟಿನವರು. ಉಳಿದವರು ಪಕ್ಕದಲ್ಲಿ ಏಳುತ್ತಿದ್ದ ಟವರಿನಲ್ಲಿ ದುಡಿಯಲು ಕಲಬುರಗಿ ಕಡೆಯಿಂದ ಬಂದ ಕೂಲಿಯವರ ತಗಡಿನ ಶೆಡ್ಡುಗಳಿಂದ ಬರುವವರು.

ಆ ವರ್ಷ ರಾಜ್ಯೋತ್ಸವಕ್ಕೆ ಮಕ್ಕಳೇ ಬರೆದ ಕಥೆಗಳನ್ನು ಓದಿಸಬೇಕೆಂದು ಅವಳಿಗೆ ಹುರುಪು ಬಂತು. ಬರೆದರು, ಆದರೆ ಕೊನೆಗೆ ಬಂದಾಗ ಎಲ್ಲರೂ ಮುಗ್ಗರಿಸುತ್ತಿದ್ದರು. ನಚಿಕೇತನ ಹುಲಿ ಬೇಟೆಯ ಕಥೆ ಕನಸಿನಿಂದ ಎಚ್ಚರವಾಗುವುದರಲ್ಲಿ ಮುಗಿಯುತ್ತಿತ್ತು. ಸಂಪದಾ ಕಥೆ ಮುಗಿಸಿ ಕೆಳಗೆ 'ಧನ್ಯವಾದಗಳು' ಎಂದು ಬರೆದಿದ್ದಳು.

"ಕಥಿ ಸುಮ್ನ ನಿಲ್ಲಬಾರ್ದು, ಮುಗೀಬೇಕು," ಎಂದು ನಲಿನಿ ಹೇಳಿಕೊಟ್ಟಳು. "ಕೇಳಿದವರು ಮನಿಗೆ ಹೋದ ಮ್ಯಾಲೂ ಅದ ನೆನಪಾಗ್ತಿರಬೇಕು."

ಶೆಡ್ಡಿನಿಂದ ಬರುವ ಗುರುದೇವಿ ಐದನೆಯ ತರಗತಿಯವಳು, ಮಾತು ಕಡಿಮೆ. ಅವಳು ತನ್ನ ಅಕ್ಕ ಕೋಕಿಲಾಳ ಬಗ್ಗೆ ಬರೆದಿದ್ದಳು. ಅಕ್ಕ ಟ್ಯಾಂಕರಿನ ಮುಂದೆ ಜಗಳ ಮಾಡಿ ಮೊದಲು ನೀರು ಹಿಡಿಯುತ್ತಿದ್ದದ್ದು, ತಂಗಿಯ ಹೇನು ತೆಗೆಯುತ್ತ ಹಿಂದಿ ಹಾಡು ಗುನುಗುತ್ತಿದ್ದದ್ದು, ಕಟ್ಟಡದ ಸೆಂಟ್ರಿಂಗ್ ಕೆಲಸದ ಹುಡುಗನ ಜೊತೆ ಹೋಗಿಬಿಟ್ಟದ್ದು. ಕಡೆಯ ಸಾಲುಗಳು ಹೀಗಿದ್ದವು: 'ಅವ್ವ ಅಕ್ಕನ ಹೆಸರು ಎತ್ತುವುದಿಲ್ಲ. ಈಗ ನೀರು ನಾನೇ ತರುತ್ತೇನೆ.'

ನಲಿನಿ ಎರಡು ಸಲ ಓದಿದಳು. ಚೆನ್ನಾಗಿದೆ ಎನಿಸಿತು. ಆದರೂ ಸಭೆ ಕಣ್ಣ ಮುಂದೆ ಬಂತು. ಇಷ್ಟಕ್ಕೇ ನಿಲ್ಲಿಸಿದರೆ ಜನ ಇನ್ನೂ ಇದೆಯೇನೋ ಎಂದು ಕಾಯುತ್ತ ಕೂರುತ್ತಾರೆ.

"ನೀರು ತಂದ್ರ ಕಥಿ ಮುಗೀತೇನು? ನಿನಗ ಏನಾಗಬೇಕನಸ್ತದ, ಹೇಳು."

ಹುಡುಗಿ ತಲೆ ತಗ್ಗಿಸಿದಳು. "ಅಕ್ಕ ಬರಬೇಕ್ರಿ."

"ಹಂಗಾದ್ರ ಅದನ್ನ ಬರಿ."

"ಬಂದಿಲ್ಲಲ್ರೀ ಮೇಡಂ."

"ಕಥಿಯೊಳಗ ಬರ್ತಾಳವ್ವಾ. ಕಥಿಯೊಳಗ ಬರಬಹುದು."

ಒಂದೊಂದೇ ವಾಕ್ಯ ನಲಿನಿ ಎತ್ತಿಕೊಟ್ಟಳು, ಗುರುದೇವಿ ಬರೆದುಕೊಂಡಳು. 'ಒಂದು ಸಂಜೆ ಅಕ್ಕ ಹಸಿರು ಸೀರೆ ಉಟ್ಟು ಶೆಡ್ಡಿನ ಬಾಗಿಲಲ್ಲಿ ನಿಂತಿದ್ದಳು. ಅವ್ವ ಓಡಿಹೋಗಿ ತಬ್ಬಿಕೊಂಡಳು.'

ಸಮಾರಂಭದ ದಿನ ಗುರುದೇವಿ ತಡವರಿಸದೆ ಓದಿದಳು. ಕೊನೆಯ ವಾಕ್ಯಕ್ಕೆ ಹಾಲ್ ತುಂಬ ಚಪ್ಪಾಳೆ. ಮಾದಾಪುರದ ಕಂಪನಿಯೊಂದರಲ್ಲಿ ಕೆಲಸ ಮಾಡುವ ಕನ್ನಡ ಸಂಘದ ಕಾರ್ಯದರ್ಶಿ ಹೇಮಂತ ಬಂದು, "ಎಂಡಿಂಗ್ ಸೂಪರ್ ಮೇಡಂ," ಎಂದ. ನಲಿನಿ ಹಿಗ್ಗಿದಳು.

ಚಹಾದ ಹೊತ್ತಿಗೆ ಗುರುದೇವಿಯ ತಾಯಿ ಗದಿಗೆಮ್ಮ ನಲಿನಿಯನ್ನು ಹುಡುಕಿಕೊಂಡು ಬಂದಳು. ಸಿಮೆಂಟಿಗೆ ಒಡೆದ ಕೈಗಳನ್ನು ಸೆರಗಿನೊಳಗೆ ಮುಚ್ಚಿಕೊಂಡಿದ್ದಳು. ಮುಖದಲ್ಲಿ ಹಿಂದೆಂದೂ ಕಾಣದ ಬೆಳಕು.

"ಬಾಯಾರ, ಕೋಕಿಲಾ ಎಲ್ಲಿ ಭೆಟ್ಟಿ ಆದ್ಲ್ರಿ ಇಕಿಗೆ? ಕೇಳಿದ್ರ ಬಾಯಿ ಬಿಡವಲ್ಲದು. ನಾ ಬೈಯಂಗಿಲ್ರಿ, ಖರೇನ ಬೈಯಂಗಿಲ್ಲ. ಹಸರ ಸೀರಿ ಉಟ್ಟಾಳಂದ್ರ ಚಲೋ ಅದಾಳಲ್ರೀ?"

ನಲಿನಿಗೆ ಕೈಯಲ್ಲಿದ್ದ ಕಪ್ಪನ್ನು ಎಲ್ಲಿ ಇಡಬೇಕೆಂದೇ ತಿಳಿಯಲಿಲ್ಲ. "ಇಲ್ಲವ್ವಾ, ಅದು ಕಥಿ. ಕೊನಿ ಚಂದ ಇರಲಿ ಅಂತ ನಾನ ಬರಸಿದ್ದು."

ಗದಿಗೆಮ್ಮ ಮಗಳ ಕಡೆ ತಿರುಗಿದಳು.

"ಬಂದಿಲ್ಲನ್ರಿ ಹಂಗಾರ," ಎಂದಳು. ಸಿಟ್ಟಿನಿಂದಲ್ಲ, ತನಗೇ ಹೇಳಿಕೊಂಡಂತೆ. ಮಗಳ ಕೈ ಹಿಡಿದು ಹೊರಟಳು.

ಆಮೇಲೆ ಕೆಲವು ಭಾನುವಾರ ಹುಡುಗಿ ಬರಲಿಲ್ಲ. ನಲಿನಿ ಶೆಡ್ಡಿನ ತನಕ ಹೋದಳು, ಗದಿಗೆಮ್ಮ ಕೆಲಸಕ್ಕೆ ಹೋಗಿದ್ದಳು. ಹೇಳಬೇಕೆಂದು ಕೂಡಿಸಿಕೊಂಡಿದ್ದ ಮಾತು ಹಾಗೆಯೇ ಉಳಿಯಿತು.

ಸಂಕ್ರಾಂತಿ ಕಳೆದ ಮೇಲೆ ಗುರುದೇವಿ ಒಬ್ಬಳೇ ಬಂದು ಮೊದಲಿನ ಜಾಗದಲ್ಲೇ ಕೂತಳು. ಕಟ್ಟಡದ ಮೇಲೆ ಗೂಡು ಕಟ್ಟಿದ ಪಾರಿವಾಳಗಳ ಬಗ್ಗೆ ಬರೆದಳು. ಗೂಡಿದ್ದ ಕಿಟಕಿಗೆ ಗಾಜು ಕೂರಿಸಲು ಜನ ಬಂದರು ಎಂಬಲ್ಲಿಗೆ ಪೆನ್ಸಿಲ್ ಕೆಳಗಿಟ್ಟಳು.

"ಮುಂದ?" ಎಂದಳು ನಲಿನಿ.

"ಕೊನಿ ನೀವ ಹೇಳ್ರಿ ಮೇಡಂ, ಬರಕೋತೀನಿ."

"ಬ್ಯಾಡವ್ವಾ. ಏನಾತೋ ಅದನ್ನ ಬರಿ. ಅಕ್ಕನ ಕಥಿಯೊಳಗೂ ನೀ ಬರದದ್ದ ಚಲೋ ಇತ್ತು. ತಿದ್ದಿ ನಾ ತಪ್ಪು ಮಾಡಿದೆ."

ಗುರುದೇವಿ ಅವಳನ್ನೇ ನೋಡಿದಳು. ಮೇಡಂ ತನ್ನನ್ನು ಸಮಾಧಾನ ಮಾಡಲು ಹೀಗೆ ಹೇಳುತ್ತಿದ್ದಾರೆ ಎಂದುಕೊಂಡಿರಬೇಕು.

"ಇಲ್ರಿ ಮೇಡಂ," ಎಂದಳು ಮೆತ್ತಗೆ, "ನಿಮ್ಮದಕ್ಕ ಎಲ್ಲಾರೂ ಚಪ್ಪಾಳಿ ಹೊಡದ್ರಲ್ರೀ."

ಪೆನ್ಸಿಲ್ ಎತ್ತಿಕೊಂಡು, ಹಾಳೆಯ ಮೇಲೆ ಬಾಗಿ, ನಲಿನಿ ಹೇಳಲಿ ಎಂದು ಕಾಯತೊಡಗಿದಳು.