ಅರುಂಧತಿಗೆ ಕೊಟ್ಟ ಬಟ್ಟೆ

ಶನಿವಾರ ಬೆಳಿಗ್ಗೆ ಹನ್ನೊಂದಕ್ಕೆ ಕಿಮಿಕೊ ತಮ್ಮ ತಾಯಿಯ ಕಸೂರಿ ಬಟ್ಟೆಯನ್ನು ಅರುಂಧತಿಯ ಕೈಗೆ ಕೊಟ್ಟರು. ಶಾಲಿನಿ ಪಕ್ಕದಲ್ಲೇ ಕೂತಿದ್ದಳು.

ಅದು ೧೯೯೨ರ ಅಕ್ಟೋಬರ್. ಪ್ಯಾರಮಟ್ಟಾದ ಒಂದು ಸಭಾಭವನದ ಹಿಂದಿನ ಕೋಣೆಯಲ್ಲಿ ಕಿಮಿಕೊ ಹಳೆಯ ಜಪಾನಿ ಬಟ್ಟೆಯಿಂದ ಕೈಚೀಲ, ಪರ್ಸ್ ಹೊಲಿಯುವುದನ್ನು ಹೇಳಿಕೊಡುತ್ತಿದ್ದರು. ಆ ಕ್ಲಾಸಿಗೆ ಅರುಂಧತಿಯನ್ನು ಕರೆತಂದವಳೇ ಶಾಲಿನಿ. ಗಂಡ ಗಿರೀಶನಿಗೆ ಮೆಲ್ಬರ್ನಿನಲ್ಲಿ ಕೆಲಸ ಸಿಕ್ಕಿ ಅಲ್ಲಿನ ಗ್ಲೆನ್ ವೇವರ್ಲಿಗೆ ಹೋದ ಮೇಲೂ ಅವಳು ಆಗಾಗ ವಿಮಾನ ಹತ್ತಿ ಬಂದು ಅರುಂಧತಿಯ ಮನೆಯಲ್ಲೇ ಉಳಿಯುತ್ತಿದ್ದಳು. ಬರುವುದು ಕಿಮಿಕೊ ಅವರ ತಾಯಿಯ ಆ ಬಟ್ಟೆಯ ಆಸೆಗೆ ಎಂದು ಗಿರೀಶ ಛೇಡಿಸುತ್ತಿದ್ದ. ಅದು ಸುಳ್ಳೇನಲ್ಲ.

ಮೊಳದಷ್ಟೂ ಅಗಲವಿಲ್ಲದ ಕಡುನೀಲಿ ಪಟ್ಟಿ, ಅದರ ತುಂಬ ಬಿಳಿ ಹೂ. ಕಸೂರಿ ಎಂದರೆ ನೂಲನ್ನು ಅಲ್ಲಲ್ಲಿ ಬಿಗಿದು ಕಟ್ಟಿ ನೀಲಿಯಲ್ಲಿ ಅದ್ದಿ, ಕಟ್ಟಿದ್ದಷ್ಟನ್ನು ಬಿಳಿಯಾಗಿ ಉಳಿಸಿಕೊಂಡು ಆಮೇಲೆ ನೇಯ್ದದ್ದು. ಹಾಗಾಗಿ ಹೂವಿನ ಅಂಚು ಕೊಂಚ ಕದಡಿದಂತಿತ್ತು.

ಹೊರಡುವಾಗ ಶಾಲಿನಿ ಕೇಳಿಯೇಬಿಟ್ಟಳು. "ಯಾಕೆ ಅವಳಿಗೆ?"

"ಅರುಂಧತಿ ಕತ್ತರಿ ಹಾಕೋಕೆ ಹೆದರ್ತಾಳೆ," ಎಂದರು ಕಿಮಿಕೊ ತಮ್ಮ ನಿಧಾನದ ಇಂಗ್ಲಿಷಿನಲ್ಲಿ. "ನೀನು ಹೆದರೋದಿಲ್ಲ."

ಶಾಲಿನಿಗೆ ಅದು ಹೊಗಳಿಕೆಯಂತೆ ಕೇಳಲಿಲ್ಲ.

ಸಂಜೆ ಅರುಂಧತಿಯ ಗಂಡ ಬದರಿನಾಥ ಬಟ್ಟೆಯನ್ನು ಮೂಸಿದ. "ಕಸೂರಿ ಅಂತೀರಿ, ಮೇಥಿ ವಾಸನೇನೇ ಇಲ್ವಲ್ಲ?"

"ನಿಮಗೆ ಹೊಟ್ಟೆದೇ ಚಿಂತೆ," ಎಂದು ಅರುಂಧತಿ ನಗುತ್ತ ಬಟ್ಟೆಯನ್ನು ಕಿತ್ತುಕೊಂಡು ದೇವರ ಮುಂದಿಟ್ಟಳು. ಹೊಸ ಬಟ್ಟೆಯ ಅಂಚಿಗೆ ಅರಿಶಿನ ಹಚ್ಚದೆ ಬಳಸುವ ಅಭ್ಯಾಸ ಮೈಸೂರಿನ ಅವಳ ಮನೆಯಲ್ಲಿರಲಿಲ್ಲ. ಬೆರಳು ಒದ್ದೆಯಿತ್ತು. ಅರಿಶಿನ ಒಂದು ಹೂವನ್ನೇ ಹಳದಿ ಮಾಡಿತು.

"ಅಯ್ಯೋ ಶಾಲೂ, ಕೈ ತಡೀಲಿಲ್ಲ ಕಣೇ! ಏನ್ ಮಾಡ್ಲಿ? ಬಿಸಿಲಿಗೆ ಹಾಕ್ಲಾ? ಅಮ್ಮ ಹಾಗೇ ಮಾಡ್ತಿದ್ರು."

ಹಾಗೆ ಮಾಡಿದ್ದರೆ ಕಲೆ ಹೋಗುತ್ತಿತ್ತು. ಶಾಲಿನಿಗೂ ಗೊತ್ತಿತ್ತು.

"ನೀಲಿ ಬಟ್ಟೇನ ನೆರಳಲ್ಲೇ ಒಣಗಿಸಿ ಅಂತ ಕಿಮಿಕೊ ಹೇಳಿಲ್ವಾ?" ಎಂದಳು. "ಬ್ಲೀಚ್ ಇದ್ಯಲ್ಲ, ಹತ್ತೀಲಿ ಅದ್ಕೊಂಡು ಹೂವಿಗೆ ಒತ್ತು. ಹೇಗೂ ಬಿಳೀ ಹೂ ತಾನೆ?"

"ಏನೂ ಆಗಲ್ವಾ?"

"ನಾನು ನಾಲ್ಕು ವರ್ಷದಿಂದ ಕಲೀತಿಲ್ವೇನೇ?"

ಮೊದಲ ವರ್ಷವೇ ಕಿಮಿಕೊ ಒಂದು ತುಂಡಿನ ಮೇಲೆ ಬ್ಲೀಚ್ ಹನಿಸಿ, ನೀಲಿ ಹೇಗೆ ಓಡಿಹೋಗುತ್ತದೆಂದು ತೋರಿಸಿದ್ದರು. ಅರುಂಧತಿ ಆಗಿನ್ನೂ ಸೇರಿರಲಿಲ್ಲ. ಅವಳು ಸಿಂಕಿನ ಕೆಳಗೆ ಬಾಟಲಿ ಹುಡುಕುವಾಗ ಶಾಲಿನಿ ಸ್ನಾನಕ್ಕೆಂದು ಎದ್ದು ಹೋಗಿ, ನಲ್ಲಿಯನ್ನು ಪೂರ್ತಿ ತಿರುಗಿಸಿದಳು. ಹೊರಗೆ ಬಂದಾಗ ಅರುಂಧತಿ ಬಟ್ಟೆಯನ್ನು ಟವೆಲ್ಲಿನಲ್ಲಿ ಸುತ್ತಿಟ್ಟಿದ್ದಳು. ಬೆಳಗಾದರೆ ಸರಿಹೋಗಬಹುದು ಎಂದಳು. ಬೆಳಗ್ಗೆ ಶಾಲಿನಿ ಬಿಚ್ಚಿ ತೋರಿಸೆನ್ನದೆ ವಿಮಾನ ಹತ್ತಿದಳು.

ಮುಂದಿನ ವಾರ ಫೋನ್ ಬಂತು.

"ಅಂಗೈಯಷ್ಟು ಜಾಗ ಬೆಳ್ಳಗಾಗಿಹೋಯ್ತು ಕಣೇ. ಹೂ ಯಾವುದು, ನೀಲಿ ಯಾವುದು ಗೊತ್ತೇ ಆಗಲ್ಲ."

ಶಾಲಿನಿ ವೈರನ್ನು ಬೆರಳಿಗೆ ಸುತ್ತಿಕೊಂಡಳು. "ಕಿಮಿಕೊ ಏನಂದ್ರು?"

"ಬ್ಲೀಚ್ ಹಾಕು ಅಂತ ಯಾರು ಹೇಳಿದ್ದು ಅಂತ ಕೇಳಿದ್ರು. ಯಾರೂ ಇಲ್ಲ, ನನ್ನದೇ ಬುದ್ಧಿ ಅಂದೆ. ನೀನು ಒಳ್ಳೇದಕ್ಕೇ ಹೇಳಿದ್ದಲ್ವಾ." ಅರುಂಧತಿ ಮೂಗು ಒರೆಸಿಕೊಂಡದ್ದು ಕೇಳಿಸಿತು. "ಇನ್ನು ದೊಡ್ಡ ಚೀಲ ಆಗಲ್ವಂತೆ. ಹಾಳಾಗಿರೋದನ್ನ ಕತ್ತರಿಸಿ ತೆಗೆದು, ಎರಡು ಪರ್ಸ್ ಹೊಲೀತೀನಿ. ಒಂದು ನಿಂಗೇ. ನಿಂಗೆ ಎಷ್ಟು ಆಸೆ ಇತ್ತು ಅಂತ ನಂಗೊತ್ತಿಲ್ವೇ?"

ಪರ್ಸ್ ಅಂಚೆಯಲ್ಲಿ ಬಂತು. ಶಾಲಿನಿ ಕಿಟಕಿಯ ಬಳಿ ನಿಂತು, ಒಳಗನ್ನು ಹೊರಗೆ ಮಗುಚಿ, ಹೊಲಿಗೆಯಲ್ಲಿ ತಪ್ಪು ಹುಡುಕಿದಳು. ಒಂದೂ ಸಿಗಲಿಲ್ಲ.

ಅವಳು ಕೆಲಸಕ್ಕಿದ್ದ ಲೈಬ್ರರಿಯಲ್ಲಿ ಅದನ್ನು ನೋಡಿದವರೆಲ್ಲ ನೀವೇ ಮಾಡಿದ್ದಾ ಎಂದು ಕೇಳಿದರು. ಹೌದು ಎಂದಳು. ಫೆಬ್ರವರಿಯಲ್ಲಿ ಗ್ಲೆನ್ ವೇವರ್ಲಿಯಲ್ಲಿ ತನ್ನದೇ ಕ್ಲಾಸ್ ಶುರುಮಾಡಿದಳು. ಪ್ಯಾರಮಟ್ಟಾಕ್ಕೆ ಮತ್ತೆ ಹೋಗಲಿಲ್ಲ.